ಒಟ್ಲು ಪಾತಿಯಲ್ಲಿ ಜಾರುವ ಪಾಠ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಂಡ್ಯ ಹತ್ತಿರದ ಕೃಷಿ ಕ್ಷೇತ್ರ ವಿ.ಸಿ. ಫಾರಂನಲ್ಲಿ ಭತ್ತದ ಸಸಿ ಕಿತ್ತು ಖಾಲಿಯಾದ ಒಟ್ಲು ಪಾತಿಯೊಂದರ ಬದುವಿನ ಮೇಲೆ ಚೂಡಾಮಣಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾರೆ. ಎದುರಿಗೆ ಅಣ್ಣಂದಿರ ಪೈಜಾಮ ತೊಟ್ಟು, ಪಾದದ ಹತ್ತಿರ ದಾರ ಬಿಗಿದುಕೊಂಡ ಹದಿನಾಲ್ಕು ಹುಡುಗಿಯರು. ಸೀಟಿ ಊದಿದ ಕೂಡಲೇ ಒಬ್ಬೊಬ್ಬಳೇ ಓಡಿ ಬಂದು, ಒಂದು ಕಾಲು ಮುಂದೆ ಚಾಚಿ, ಕೆಸರಿಗೆ ಧೊಪ್ಪನೆ ಬಿದ್ದು ಜಾರುತ್ತಾಳೆ. ಕಾಲು ಎದುರಿಗೆ ಹಾಸಿದ ಗೋಣಿಚೀಲದ ತುಂಡನ್ನು ಮುಟ್ಟಿದರೆ ಸೈ, ಇಲ್ಲದಿದ್ದರೆ ಮತ್ತೆ ಮೊದಲಿನಿಂದ. ದಿನಕ್ಕೆ ಒಬ್ಬೊಬ್ಬರೂ ಇಪ್ಪತ್ತು ಸಲ.

ಫಾರಂನ ಆಳು ಮರಿಸಿದ್ದಯ್ಯನವರಿಗೆ ಇದು ಪುಕ್ಕಟೆ ತಮಾಷೆ. “ಜಾರ್ಲಿ ಬುಡಿ ಮೇಡಮ್ಮೋರೆ, ನಮ್ ಎತ್ಗೊಳ್ಗೆ ಒಂದಿನ ರಜ ಸಿಕ್ಕಂಗಾಯ್ತು” ಎನ್ನುತ್ತಾರೆ.

ಮಳವಳ್ಳಿಯ ಮೇಷ್ಟ್ರು ತಿರುನಾರಾಯಣ ಅಯ್ಯಂಗಾರ್ಯರ ಮಗಳು ಚೂಡಾಮಣಿ. ಮೈಸೂರು ರಾಜ್ಯದ ಸಾಫ್ಟ್‌ಬಾಲ್ ತಂಡದಲ್ಲಿ ನಾಲ್ಕು ವರ್ಷ ಕ್ಯಾಚರ್ ಆಗಿದ್ದವರು. ಬ್ಯಾಟು ಹಿಡಿದವಳ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವ ಕೆಲಸ ಅದು. ಬಲಗೈಯ ಎರಡು ಬೆರಳು ಇವತ್ತಿಗೂ ನೆಟ್ಟಗಾಗಿಲ್ಲ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ವರ್ಷವೇ ಮಂಡ್ಯದ ಹೆಣ್ಣುಮಕ್ಕಳ ಕಾಲೇಜೊಂದಕ್ಕೆ ಕೋಚ್ ಆಗಿ ಬಂದರು. ಮೂರು ವರ್ಷವಾಯಿತು. ಕೈಯಲ್ಲಿರುವುದು ಎರಡು ಬ್ಯಾಟು, ಐದು ಗ್ಲೌಸು. ಊರಿಗೆ ಮಾತ್ರ ಇವರ ಆಟಕ್ಕಿಂತ ಇವರ ಪ್ಯಾಂಟಿನ ಮೇಲೇ ಕಣ್ಣು. “ನೋಡಿ ನೋಡಿ ಅವರಿಗೇ ಸುಸ್ತಾಯ್ತು, ನನಗಾಗ್ಲಿಲ್ಲ” ಎಂದು ನಗುತ್ತಾರೆ.

ಮೊದಲ ವಾರ ಬೇಸ್‌ಗಳನ್ನು, ಅಂದರೆ ಓಡುವವರು ಮುಟ್ಟಲೇಬೇಕಾದ ಜಾಗಗಳನ್ನು, ರಂಗೋಲಿ ಪುಡಿಯಲ್ಲಿ ಬರೆದದ್ದೇ ತಪ್ಪಾಯಿತು. ಹುಟ್ಟಿದಾಗಿನಿಂದ ರಂಗೋಲಿ ತುಳಿದು ಗೊತ್ತಿಲ್ಲದ ಹುಡುಗಿಯರು ಒಬ್ಬರ ಹಿಂದೊಬ್ಬರು ಅದನ್ನು ಹಾರಿ ದಾಟಿ ಔಟಾದರು! ಅಂದಿನಿಂದ ಗೋಣಿಚೀಲ ಬಂತು.

ಕೆಸರಿಗೆ ಇಳಿದದ್ದು ಈ ವರ್ಷ, ಇಂದ್ರಮ್ಮನ ದೆಸೆಯಿಂದ. ಮದ್ದೂರಿನ ಕಡೆಯ ರೈತ ಪುಟ್ಟರಾಜು ಅವರ ಮಗಳು, ತಂಡದಲ್ಲೇ ಚುರುಕು ಕಾಲಿನವಳು. ಕಾಲೇಜಿನ ಗಟ್ಟಿ ನೆಲದಲ್ಲಿ ಜಾರಿ ಮಂಡಿ ತರಚಿಕೊಂಡು ಮನೆಗೆ ಹೋದ ಮಾರನೆಯ ದಿನವೇ ಅಪ್ಪ ಬಂದು ನಿಂತರು. “ಇನ್ನೊಂದ್ಸಲ ಇಂಗ್ ಬಂದ್ರೆ ಆಟಾನೂ ಬ್ಯಾಡ, ಕಾಲೇಜೂ ಬ್ಯಾಡ, ಮನೇಲಿರ್ಲಿ. ನಾಳೆ ಗಂಡಿನ್ ಕಡೆಯೋರು ಕೇಳುದ್ರೆ ನಾನೇನ್ ಏಳ್ಲಿ?”

ಅಂಥ ಹುಡುಗಿಯನ್ನು ಕಳೆದುಕೊಳ್ಳಲು ಚೂಡಾಮಣಿಗೆ ಸುತರಾಂ ಮನಸ್ಸಿಲ್ಲ. ಒಟ್ಲು ಪಾತಿಯಲ್ಲಾದರೆ ನಾಲ್ಕು ಬೆರಳು ಕೆಸರು, ಅಡಿಯಲ್ಲಿ ಗಟ್ಟಿ ನೆಲ. ಬಟ್ಟೆ ಕೆಟ್ಟೀತೇ ಹೊರತು ಚರ್ಮಕ್ಕೆ ಏನೂ ಆಗದು. ಹಾಗಾಗಿ ದಿನಾ ನಾಲ್ಕೂವರೆಗೆ ಎದ್ದು, ಉಳಿದ ಆಳುಗಳು ಬರುವ ಮುಂಚೆ ಪಾಠ ಮುಗಿಸುತ್ತಾರೆ.

ಹೋದ ಶನಿವಾರ ಮಳವಳ್ಳಿಯಲ್ಲಿ ಮೈಸೂರಿನ ಕಾಲೇಜೊಂದರ ಮೇಲೆ ಪಂದ್ಯ. ಮೈದಾನವೆಲ್ಲ ಗರಸು. ನೋಡುವವರ ನಡುವೆ ಪುಟ್ಟರಾಜು ಕೂಡ ಇದ್ದಾರೆ. ಕೊನೆಯ ಸರದಿ, ಎರಡೂ ಕಡೆ ನಾಲ್ಕು ನಾಲ್ಕು ರನ್ನು. ಇಂದ್ರಮ್ಮ ಮೂರನೇ ಬೇಸ್ ಮುಟ್ಟಿ ಕೊನೆಯದರ ಕಡೆ ತಿರುಗುವಾಗ ಚೆಂಡೂ ಅತ್ತಲೇ ಬರುತ್ತಿದೆ; ಅದಕ್ಕಿಂತ ಮೊದಲು ಮುಟ್ಟಿದರೆ ಗೆಲುವಿನ ರನ್ನು, ತಡವಾದರೆ ಔಟು. ಜಾರದೆ ಬೇರೆ ದಾರಿಯಿಲ್ಲ. ಗೆರೆಯ ಪಕ್ಕ ನಿಂತ ಚೂಡಾಮಣಿ ಎರಡೂ ಕೈ ಮೇಲೆತ್ತಿ ‘ನಿಲ್ಲು’ ಎಂದು ಸನ್ನೆ ಮಾಡುತ್ತಾರೆ.

“ಸುಳ್ಳು ಯಾಕೆ ಹೇಳಲಿ, ನಾನು ಹೆದರಿದೆ. ಅವಳ ಅಪ್ಪನ್ನ ನೋಡಿ ಕೈ ತಾನಾಗೇ ಮೇಲೆ ಹೋಯ್ತು” ಎನ್ನುತ್ತಾರೆ ಈಗ.

ಇಂದ್ರಮ್ಮ ಆ ಕೈಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಗರಸಿನ ಮೇಲೆ ಸರ್ರನೆ ಜಾರಿದಳು. ಧೂಳು ಇಳಿದಾಗ ಪೈಜಾಮ ಹರಿದಿದೆ, ಮಂಡಿಯಲ್ಲಿ ರಕ್ತ. ಪುಟ್ಟರಾಜು ಹಗ್ಗ ದಾಟಿ ದಾಪುಗಾಲು ಹಾಕುತ್ತ ಬಂದರು.

ಅವರು ಮಗಳ ಮುಂದೆ ಕುಕ್ಕರಿಸಿ, ಹೆಗಲ ಮೇಲಿನ ಟವಲಿನಿಂದ ಮಂಡಿ ಒರೆಸಿದರು. “ರನ್ ಬಂತೇನವ್ವ?”

“ಬಂತು ಕಣಪ್ಪ.”

“ಅಂಗಾರೆ ಏಳು, ನೆಟ್ಗೆ ನಿಂತ್ಕೊ. ಜನ ನೋಡ್ತಾವ್ರೆ.”

ಇವತ್ತು ಇಂದ್ರಮ್ಮ ಮಂಡಿಗೆ ಬಟ್ಟೆ ಕಟ್ಟಿಕೊಂಡೇ ಕೆಸರಿಗೆ ಇಳಿದಿದ್ದಾಳೆ. ನಿಮ್ಮ ಆಸೆ ಏನು ಎಂದು ಕೇಳಿದರೆ ಚೂಡಾಮಣಿ ಸೀಟಿಯನ್ನು ಬಾಯಿಂದ ತೆಗೆಯುತ್ತಾರೆ. “ಕೋಚೇ ಹೆದರಿ ನಿಲ್ಲು ಅಂದ್ರೂ ನಿಲ್ಲದ ಹುಡುಗಿ ಒಬ್ಬಳು ತಯಾರಾದಳು. ತಂಡಕ್ಕೆ ಒಂಬತ್ತು ಜನ ಬೇಕು. ಇನ್ನು ಎಂಟು ಜನ ಆದ್ರೆ ಸಾಕು ನಂಗೆ.”