ಮೈಕಿನ ಕಿರುಚು ನಿಲ್ಲಿಸಿದ ಕೈ

ನನ್ನ ಹೆಂಡತಿಯ ತಮ್ಮನನ್ನು ಊರೆಲ್ಲ ಮೈಕು ಎಂದೇ ಕರೆಯುತ್ತದೆ. ಮದುವೆಗೆ, ಸಭೆಗೆ, ಸತ್ತವರ ಶ್ರದ್ಧಾಂಜಲಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವುದು ಅವನ ಕಸುಬು. ಒರಟ ನಾನು, ಟಯರಿಗೆ ಪಂಕ್ಚರು ಹಾಕುವವನು, ನನಗೆ ಸದ್ದೆಂದರೆ ಸದ್ದು ಅಷ್ಟೇ. ಅವನಿಗೆ ಹಾಗಲ್ಲ. ನಮ್ಮ ಮನೆಯ ಫ್ಯಾನು ಸ್ವಲ್ಪ ಗೊರಗುಟ್ಟಿದರೆ ಊಟ ಬಿಟ್ಟು ಸ್ಟೂಲು ಹತ್ತುತ್ತಾನೆ. ಅವನ ಅಕ್ಕ ಬೈಯುತ್ತಾಳೆ: "ಅನ್ನ ಆರಿ ಹೋಗ್ತಿದೆ, ಇಳಿಯೋ ಕೆಳಗೆ!"

ಈ ಕಿವಿಯನ್ನು ಅವನಿಗೆ ಕೊಟ್ಟವರು ಬೀದಿಯ ತುದಿಯಲ್ಲಿ ಕೂತು ಮೈಕ್‌ಸೆಟ್ಟಿನ ಸುಟ್ಟ ಹಾರ್ನುಗಳಿಗೆ ತಂತಿ ಸುತ್ತುವ ಮುದುಕರು. ಅವರು ಹೊರಗಿನವರು. ಹೊರಗಿನವರು ಅಂದರೆ, ನನಗೆ ಮೀಸೆ ಮೂಡುವ ಮೊದಲೇ ಈ ಊರಿಗೆ ಬಂದವರು. ಮಾತಿನಲ್ಲಿ ಇನ್ನೂ ಸ್ವಲ್ಪ ಬೇರೆ ಎಳೆತ ಉಳಿದಿದೆ, ಅಷ್ಟೇ. ಮೈಕು ಚಡ್ಡಿ ಹಾಕುತ್ತಿದ್ದಾಗಿನಿಂದ ಅವರ ಕಾಲ ಬಳಿ ಕೂತು ಕಲಿತ. ಅವರನ್ನು ಮಾವ ಅನ್ನುತ್ತಿದ್ದ, ಅವರು ಇವನನ್ನು ಮಗಾ ಅನ್ನುತ್ತಿದ್ದರು.

ಆಮೇಲೆ ಊರಿನಲ್ಲಿ ಒಂದು ಸಂಘ ಹುಟ್ಟಿತು. ‘ನಮ್ಮ ಬೀದಿ ನಮ್ಮವರಿಗೆ’ ಅನ್ನುವುದೇ ಅದರ ಕೂಗು. ಮೊದಲ ಸಭೆಗೆ ಮೈಕ್‌ಸೆಟ್ ನಮ್ಮವನದೇ. ಅಲ್ಲಿಯವರೆಗೆ ಎಲ್ಲ ಕಡೆಯೂ ಅವನು ಪರದೆಯ ಹಿಂದೆ. ಪಂಕ್ತಿ ಎದ್ದ ಮೇಲೆ ಉಳಿದದ್ದು ಉಂಡು, ಪೆಟ್ಟಿಗೆ ಹೊತ್ತು ಮನೆಗೆ. ಸಂಘದ ಅಧ್ಯಕ್ಷ ಮಾತ್ರ ಅವನನ್ನು ಕೈಹಿಡಿದು ವೇದಿಕೆಗೆ ಎಳೆದು, "ನಮ್ಮ ದನಿ ಅಂದ್ರೆ ಇವರೇ!" ಎಂದನಂತೆ. ಜನ ಚಪ್ಪಾಳೆ ತಟ್ಟಿದರಂತೆ. ಮನೆಗೆ ಬಂದು ಹೇಳುವಾಗ ಅವನ ಕಣ್ಣು ತುಂಬಿತ್ತು, ನನ್ನವಳ ಕಣ್ಣೂ. ಅವತ್ತೇ ಹುಡುಗ ಕೈತಪ್ಪಿ ಹೋದ ಎಂದುಕೊಂಡೆ.

ಅಧ್ಯಕ್ಷನಿಗೆ ಮೈಕನ್ನು ಬಾಯೊಳಗೆ ಇಟ್ಟುಕೊಂಡು ಕಿರುಚುವ ಚಟ. ಸಭೆಗೊಂದು ಹಾರ್ನು ಸುಡುತ್ತಿತ್ತು. ಮರುದಿನ ಮೈಕು ಅದನ್ನು ಚೀಲಕ್ಕೆ ತುಂಬಿ ಹಿತ್ತಲ ಬಾಗಿಲಿನಿಂದ ಮುದುಕರ ಅಂಗಡಿಗೆ ಒಯ್ಯುತ್ತಿದ್ದ.

"ನನ್ನನ್ನ ಓಡಿಸ್ಬೇಕು ಅಂತ ಕೂಗಿ ಕೂಗಿ ಸುಟ್ಟಿದ್ದನ್ನ ನನ್ ಕೈಲೇ ಸರಿ ಮಾಡಿಸ್ತೀಯಲ್ಲೋ ಮಗಾ," ಎಂದು ಅವರು ನಗುತ್ತಿದ್ದರು. "ನಿನ್ ಅಧ್ಯಕ್ಷನಿಗೆ ಹೇಳು, ಸ್ವಲ್ಪ ದೂರ ನಿಂತು ಬೈಯ್ಯಲಿ. ಬೈಗುಳ ಚೆನ್ನಾಗಿ ಕೇಳುತ್ತೆ, ಹಾರ್ನೂ ಉಳಿಯುತ್ತೆ."

ಆ ದಿನಗಳಲ್ಲೇ ದೊಡ್ಡ ಓದು ಓದಿದ ಒಬ್ಬ ಹೆಣ್ಣುಮಗಳು ಊರಿಗೆ ಬಂದಳು. ಇಂಥ ಸಂಘಗಳಿಗೆ ಜನ ಯಾಕೆ ಹೋಗುತ್ತಾರೆ ಎಂದು ಅವರ ನಡುವೆಯೇ ಕೂತು ನೋಡುವುದು ಅವಳ ಕೆಲಸವಂತೆ. ನನ್ನ ಅಂಗಡಿಯ ಹಳೆ ಟಯರಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು.

"ಏನಮ್ಮಾ, ಆ ಕೂಗು ಕೇಳಿ ಕೇಳಿ ಏನು ತಿಳೀತು ನಿನಗೆ?" ಎಂದೆ.

"ಭಾಷಣ ಯಾರೂ ಅಷ್ಟು ಕೇಳಲ್ಲ ಅಣ್ಣಾ. ಕುರ್ಚಿ ಹಾಕೋಕೆ ಅಂತ ಮುಂಚೆನೇ ಬರ್ತಾರೆ ನೋಡಿ, ಆ ಹೊತ್ತು ಅವರಿಗೆ ಇಷ್ಟ. ಒಬ್ಬರನ್ನೊಬ್ಬರು ಊಟ ಆಯ್ತಾ ಅಂತ ಕೇಳ್ತಾರೆ."

"ಹಾಗಾದ್ರೆ ಹಾರ ಹಾಕೋಣ್ವಾ? ಊಟ ಆಯ್ತಾ ಅಂತ ಕೇಳ್ಕೊಂಡು ಇನ್ನೊಬ್ಬನ ಅನ್ನಕ್ಕೆ ಮಣ್ಣು ಹಾಕೋದಾ?"

"ಹಾರ ಬೇಡ. ಆದ್ರೆ ನೀವು ಬೈದಷ್ಟೂ ಅವರು ಇನ್ನೂ ಹತ್ತಿರ ಹತ್ತಿರ ಕೂತ್ಕೋತಾರೆ, ಅಷ್ಟೇ."

ನನಗೆ ಮೈ ಉರಿಯಿತು. ಬೈಯದೆ ಮತ್ತೇನು ಮುದ್ದು ಮಾಡುವುದೇ?

ಸಂಘದ ಕಣ್ಣು ಕೊನೆಗೂ ಮುದುಕರ ಅಂಗಡಿಯ ಮೇಲೆ ಬಿತ್ತು. ಕಟ್ಟಡದ ಮಾಲೀಕ ಸಾಧು ಮನುಷ್ಯ, ಗಾಳಿ ಬಂದ ಕಡೆ ವಾಲುವವನು. ಬೀದಿಯಲ್ಲೇ ಸಭೆ ಮಾಡಿ, ಅವನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ಅಂಗಡಿ ಖಾಲಿ ಮಾಡಿಸುತ್ತೇನೆಂದು ಎಲ್ಲರೆದುರು ಹೇಳಿಸುವುದು ಅಧ್ಯಕ್ಷನ ಲೆಕ್ಕಾಚಾರ.

"ನಿನ್ನ ಅಧ್ಯಕ್ಷನಿಗೆ ನೀನು ಒಂದು ಮಾತು ಹೇಳು. ಇವರು ನನ್ನ ಗುರು, ಇವರನ್ನ ಬಿಡಿ ಅಂತ," ಎಂದೆ ಮೈಕುವಿಗೆ.

"ಸಮಯ ನೋಡಿ ಹೇಳ್ತೀನಿ ಭಾವಾ."

"ಹೇಳೋಕಾಗದಿದ್ರೆ ಮೈಕ್ ಕೊಡ್ಬೇಡ."

"ನಾನು ಕೊಡದಿದ್ರೆ ಬೇರೆಯವನು ಕೊಡ್ತಾನೆ."

"ಕೊಡ್ಲಿ! ಆ ಪಾಪ ಅವನ ತಲೆಗೇ ಬರ್ಲಿ. ನಿನ್ನದೇನು ಹೋಗುತ್ತೆ?"

ಅವನು ನೆಲ ನೋಡುತ್ತ ವೈರು ಸುತ್ತತೊಡಗಿದ.

ಸಂಜೆ ಸಭೆ ಸೇರಿತು. ಮುದುಕರು ತಮ್ಮ ಅಂಗಡಿಯ ಮೆಟ್ಟಿಲ ಮೇಲೆಯೇ ಕೂತಿದ್ದರು. ನಾನು ಮೈಕುವಿನ ಆಂಪ್ಲಿಫೈಯರ್ ಇದ್ದ ಮೇಜಿನ ಪಕ್ಕ ನಿಂತೆ. ಅಧ್ಯಕ್ಷ ರಂಗೇರಿ, ಸ್ಟ್ಯಾಂಡಿನಿಂದ ಮೈಕನ್ನು ಕಿತ್ತುಕೊಂಡು ಮಾಲೀಕನ ಹತ್ತಿರ ಬಂದ. ಸರಿಯಾಗಿ ಹಾರ್ನಿನ ಎದುರಿಗೇ ಬಂದ! ಹಾರ್ನಿನ ಸದ್ದೇ ಮೈಕಿಗೆ ಮರಳಿ ನುಗ್ಗಿ ಕೀಂ ಎಂದು ಕಿರುಚತೊಡಗಿತು. ಅಬ್ಬಾ, ಹಲ್ಲು ಜುಮ್ಮೆನ್ನುವ ಕಿರುಚು. ಜನ ಕಿವಿ ಮುಚ್ಚಿಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ, "ಅಧ್ಯಕ್ಷರಿಗೆ ದೆವ್ವ ಬಂತು!" ಎಂದರು. ಘೊಳ್ಳೆಂದು ನಗೆ ಎದ್ದಿತು. ಅವನು ಬಾಯಿ ಬಾಯಿ ಬಡಿದುಕೊಂಡರೂ ಒಂದಕ್ಷರ ಕೇಳಿಸಲಿಲ್ಲ. ಮಾಲೀಕ ಕಿವಿಗೆ ಕೈಯಿಟ್ಟುಕೊಂಡೇ ಕುರ್ಚಿಯಿಂದ ಅರ್ಧ ಎದ್ದ. ಇನ್ನೊಂದು ಗಳಿಗೆ ಸಾಕಿತ್ತು, ಸಭೆ ಚೆಲ್ಲಾಪಿಲ್ಲಿಯಾಗುತ್ತಿತ್ತು.

"ಬಿಡೋ! ಹಾಗೇ ಬಿಡೋ!" ಎಂದು ನಾನು ಮೈಕುವಿನ ಕಿವಿಗೇ ಕೂಗಿದೆ.

ಅಷ್ಟರಲ್ಲಿ ಅವನ ಕೈ ಗುಂಡಿ ತಿರುಗಿಸಿಯಾಗಿತ್ತು. ಕಿರುಚು ನಿಂತಿತು. ಅಧ್ಯಕ್ಷನ ಮಾತು ಗಾಜಿನಷ್ಟು ತಿಳಿಯಾಗಿ ಬೀದಿಯ ತುದಿಯವರೆಗೂ ಹರಿಯಿತು: "ಈ ಅಂಗಡಿ ಇನ್ನು ಮುಂದೆ ನಮ್ಮವರಿಗೇ ಅಂತ ನೀವೇ ಹೇಳಿ ಯಜಮಾನ್ರೇ!" ಮಾಲೀಕ ಮತ್ತೆ ಕೂತ. ಕೂತು, ಹೂಂ ಎಂದ. ಆ ಹೂಂ ಕೂಡ ಎಲ್ಲರಿಗೂ ಚೆನ್ನಾಗಿ ಕೇಳಿಸಿತು.

ಮೈಕು ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ. "ಕೈ ಕೇಳಲಿಲ್ಲ ಭಾವಾ. ಆ ಸದ್ದು ತಡೆಯೋಕಾಗಲಿಲ್ಲ."

ಮುದುಕರು ಸಾಮಾನು ಕಟ್ಟಿದ ದಿನ ಇಬ್ಬರೂ ಹೋದೆವು. ಮೈಕು ಒಂದು ಪೆಟ್ಟಿಗೆಯನ್ನೂ ಮುಟ್ಟದೆ ಬಾಗಿಲಲ್ಲೇ ನಿಂತ. ತಂತಿಯ ಉಂಡೆಗಳನ್ನು ಗಾಡಿಗೇರಿಸಿ ಅವರು ಇವನ ಕಡೆ ತಿರುಗಿದರು. ಈಗ ಉಗಿಯುತ್ತಾರೆ, ಉಗಿಯಲಿ ಎಂದುಕೊಂಡೆ.

"ಅವತ್ತು ಆ ಕಿರುಚನ್ನ ನೀನು ತಕ್ಷಣ ಹಿಡಿದೆ ಮಗಾ. ಮೊದಲೆಲ್ಲ ತಡ ಮಾಡ್ತಿದ್ದೆ," ಎಂದರು. ದನಿಯಲ್ಲಿ ಕೊಂಕಿರಲಿಲ್ಲ. ಅದೇ ನನಗೆ ತಾಳಲಾಗಲಿಲ್ಲ. ಗಾಡಿ ಹೊರಟಿತು.

ದಾರಿಯಲ್ಲಿ ಮೈಕು, "ಅವರು ಬೈಯ್ಯಬೇಕಿತ್ತು ಭಾವಾ," ಎಂದ.

ಅವರ ಪಾಲಿನದನ್ನೂ ಸೇರಿಸಿ ನಾನೇ ಬೈದೆ. ಹೇಡಿ ಎಂದೆ, ಕೂಲಿಯಾಳು ಎಂದೆ, ನನ್ನ ಮನೆಯ ಮೆಟ್ಟಿಲು ಹತ್ತಬೇಡ ಎಂದೆ. ಬೀದಿಯವರೆಲ್ಲ ಬಾಗಿಲಿಗೆ ಬಂದರು. ನನ್ನ ಅಂಗಡಿಯ ತಿರುವು ಬಂದಾಗ ಅವನು ಇನ್ನೊಂದು ಕಡೆ ತಿರುಗಿದ.

ಸಂಜೆ ನನ್ನವಳು ಅವನಿಗೆ ಊಟದ ಡಬ್ಬಿ ಒಯ್ದು, ತುಂಬಿದ ಡಬ್ಬಿಯನ್ನೇ ವಾಪಸು ತಂದಳು. ಅವನ ಮನೆಗೆ ಬೀಗವಂತೆ. ಅವನು ಆಗಲೇ ಸಂಘದ ಸಭೆ ನಡೆಯುವ ಬಯಲಿಗೆ ಹೋಗಿದ್ದನಂತೆ, ಎಲ್ಲರಿಗಿಂತ ಮುಂಚೆ, ಕುರ್ಚಿ ಹಾಕಲು.