ಕಾರಿನ ನೆಲದಲ್ಲೊಂದು ಕಿಟಕಿ

ಕಾರಿನಲ್ಲಿ ಕುಳಿತವರಿಗೆ ರಸ್ತೆ ಕಾಣಬೇಕಾದರೆ ತಲೆಯೆತ್ತಿ ಮುಂದಿನ ಗಾಜಿನಲ್ಲಿ ನೋಡಬೇಕೆಂಬುದು ಲೋಕರೂಢಿ. ನಮ್ಮ ಹಳೆಯ ಪದ್ಮಿನಿ ಕಾರಿನಲ್ಲಿ ಮಾತ್ರ ತಲೆ ತಗ್ಗಿಸಿ ಕುಳಿತರೂ ಸಾಕಿತ್ತು. ಹಿಂದಿನ ಸೀಟಿನವರು ಕಾಲಿಡುವ ಜಾಗದಲ್ಲಿ ತುಕ್ಕು ತಿಂದು ಅಂಗೈಯಗಲದ ತೂತೊಂದು ಬಿದ್ದಿತ್ತು. ಅದರೊಳಗಿಂದ ಜಾಲಹಳ್ಳಿಯ ಟಾರು ರಸ್ತೆ ಬೂದುಬಣ್ಣದ ಹೊಳೆಯಂತೆ ಹಿಂದಕ್ಕೆ ಹರಿಯುತ್ತಿರುವುದು ನಿಚ್ಚಳವಾಗಿ ಕಾಣುತ್ತಿತ್ತು. ವಿನಯದಿಂದ ತಲೆ ಬಾಗಿಸಿದವರಿಗೆ ಮಾತ್ರ ದಕ್ಕುವ ದರ್ಶನವಿದು ಎಂದು ನಾನು ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಮಳೆಗಾಲದಲ್ಲಿ ಕಾಲುಚೀಲ ತೊಯ್ಯತೊಡಗಿದಾಗ ತೆಂಗಿನ ನಾರಿನ ಕಾಲೊರಸೊಂದನ್ನು ತಂದು ಅದರ ಮೇಲೆ ಹಾಸಿ, ಕಣ್ಣಿಗೆ ಬೀಳದ ದೋಷ ದೋಷವೇ ಅಲ್ಲವೆಂಬ ನೆಮ್ಮದಿಯಲ್ಲಿ ಒಂದಷ್ಟು ಕಾಲ ಕಳೆದೆ.

ಈ ನೆಮ್ಮದಿ ನನ್ನ ವೃತ್ತಿಧರ್ಮಕ್ಕೆ ತೀರಾ ವಿರುದ್ಧವಾದದ್ದೆಂಬುದನ್ನು ಓದುಗ ಮಹಾಶಯರಿಗೆ ತಿಳಿಸಿಬಿಡುವುದು ಒಳ್ಳೆಯದು. ಇದು ತೊಂಬತ್ತರ ದಶಕದ ನಡುಭಾಗದ ಮಾತು. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ನನ್ನ ನೌಕರಿ. ಬೇರೆಯವರು ಮಾಡಿದ ವಸ್ತುವನ್ನು ಅಳೆದು, ತೂಗಿ, ಬೆಳಕಿಗೆ ಹಿಡಿದು, ಕೂದಲೆಳೆಯಷ್ಟು ಊನವಿದ್ದರೂ ಕೆಂಪು ಬಣ್ಣ ಬಳಿದು ಹಿಂದಕ್ಕೆ ಕಳಿಸುವ ಪವಿತ್ರ ಕಾಯಕ. ಇಂಥ ಮನುಷ್ಯ ಮೂರನೆಯ ಕೈಯ ಕಾರನ್ನು ಅದರ ಬಣ್ಣ ನೋಡಿ ಮೋಹಗೊಂಡು ಕೊಂಡುಬಿಟ್ಟ. ಕೊಂಡ ಮೇಲೆ, ಗೇರು ಬದಲಿಸುವಾಗ ಮೈಯೆಲ್ಲ ಬೆವರುವ ನನ್ನ ಅವಸ್ಥೆಯನ್ನು ಕಂಡು ಹೆಂಡತಿ ಗಿರಿಜೆಯೇ ಕಾಲನಿಯ ಮೈದಾನದಲ್ಲಿ ಡ್ರೈವಿಂಗ್ ಕಲಿತಳು. ಅಂದಿನಿಂದ ಸ್ಟಿಯರಿಂಗ್ ಅವಳದು, ಸಲಹೆ ನನ್ನದು.

ಗಿರಿಜೆ ಬಿಜಾಪುರದ ಕಡೆಯವಳು. ಅವಳು ಬಡಿಯುವ ಜೋಳದ ರೊಟ್ಟಿಯ ಸದ್ದು ಕೇಳಿದರೆ ನಮ್ಮ ಕ್ವಾರ್ಟರ್ಸಿನ ಸಾಲಿನ ಉತ್ತರ ಕರ್ನಾಟಕದ ಮನೆಗಳವರೆಲ್ಲ ಏನಾದರೊಂದು ನೆಪ ಹೂಡಿ ಬಾಗಿಲಿಗೆ ಬರುತ್ತಿದ್ದರು. ಮಕ್ಕಳಿಬ್ಬರೂ ಹಾಸ್ಟೆಲ್ ಸೇರಿದ ವರ್ಷ ಒಂದು ಸಂಜೆ ತವೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದಳು: “ನಂದೂ ಅಂತ ಒಂದ್ ಕೆಲಸ ಆಗ್ಲಿ ಅನಿಸ್ತೈತ್ರಿ.” ಅದನ್ನು ಹೇಳಿದ ದನಿ ಇಂದಿಗೂ ನನ್ನ ಕಿವಿಯಲ್ಲಿದೆ. ಇಷ್ಟು ವರ್ಷ ಅವಳು ಅದನ್ನು ಹೇಳದೆ ಹೇಗಿದ್ದಳೆಂಬ ಯೋಚನೆಯಲ್ಲಿ ನನಗೆ ಆ ರಾತ್ರಿ ಊಟ ರುಚಿಸಲಿಲ್ಲ.

ಕೆಲಸ ಸಿಕ್ಕಿದ್ದು ಪೀಣ್ಯದಲ್ಲಿ. ಅಲ್ಲಿನ ಗೇರ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಬಿಜಾಪುರ, ಬಾಗಲಕೋಟೆಯ ಕಡೆಯ ಕಾರ್ಮಿಕರು ಬಹಳ. ದಿನವೂ ಅನ್ನ ಸಾರು ಉಂಡು ಬೇಸತ್ತವರು. ಮಧ್ಯಾಹ್ನದ ಊಟಕ್ಕೆ ರೊಟ್ಟಿ, ಎಣ್ಣೆಗಾಯಿ ತಂದುಕೊಡುವುದಾದರೆ ಮುಂದಿನ ಸೋಮವಾರದಿಂದ ಶುರು ಮಾಡಿ, ಆದರೆ ಊಟದ ಸೈರನ್ ಕೂಗುವುದರೊಳಗೆ ಬರಬೇಕು, ತಪ್ಪಿದರೆ ಮತ್ತೆ ಅನ್ನ ಸಾರೇ ಎಂದು ಕ್ಯಾಂಟೀನಿನವರು ಖಡಾಖಂಡಿತವಾಗಿ ಹೇಳಿದ್ದರು. ಪರೀಕ್ಷಾರ್ಥವಾಗಿ ಒಮ್ಮೆ ಆಟೋದಲ್ಲಿ ಕಳಿಸಿದ ಖಡಕ್ ರೊಟ್ಟಿ ಪೀಣ್ಯದ ಹೊಂಡಗಳನ್ನು ದಾಟುವಷ್ಟರಲ್ಲಿ ಹಿಟ್ಟಿನ ಪೂರ್ವಾಶ್ರಮಕ್ಕೆ ಮರಳಿತ್ತು. ಹಾಗಾಗಿ ಕಾರೇ ಗತಿ. ರೊಟ್ಟಿಯ ಡಬ್ಬಿಗಳು ಸೀಟಿನ ಮೇಲೆ ಕೂರಬಲ್ಲವು. ಎಣ್ಣೆಗಾಯಿಯ ದೊಡ್ಡ ಪಾತ್ರೆ ಮಾತ್ರ ವಾಲದಂತೆ ಕೆಳಗೆ, ಕಾಲಿಡುವ ಜಾಗದಲ್ಲಿ, ಅಂದರೆ ನನ್ನ ಆ ಪ್ರಸಿದ್ಧ ಗವಾಕ್ಷದ ಮೇಲೆಯೇ ಕೂರಬೇಕಾಗಿತ್ತು. ಗಿರಿಜೆ ಕಾಲೊರಸನ್ನು ಎತ್ತಿ ನೋಡಿದಳು. ನನ್ನನ್ನೂ ನೋಡಿದಳು.

ಪೀಣ್ಯದಲ್ಲಿ ರಂಗಪ್ಪನ ಟಿಂಕರಿಂಗ್ ಶೆಡ್ಡು ಇತ್ತು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆಯೇ ಶೀಟು ಹೊದಿಸಿ ಕಟ್ಟಿದ್ದ ಶೆಡ್ಡು. ಅಕ್ಕಪಕ್ಕದ ನಾಲ್ಕಾರು ಶೆಡ್ಡುಗಳಿಗೂ ಅವನೇ ಮಾಲೀಕ. ಬಾಡಿಗೆಯ ಮೇಲೆ ಕಾಲು ಚಾಚಿಕೊಂಡು ಬದುಕಬಹುದಾದ ರಂಗಪ್ಪ, ಕೈಯ ಚಟ ಬಿಡಲಾರದೆ ನಜ್ಜುಗುಜ್ಜಾದ ಕಾರುಗಳನ್ನು ನೆಟ್ಟಗೆ ಮಾಡುತ್ತಿದ್ದ. ವಿನಯವೆಂಬುದು ಅವನ ಹತ್ತಿರ ಸುಳಿದದ್ದಲ್ಲ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನೆಲಕ್ಕೂ ತುಕ್ಕು ಹತ್ತಿದ್ದ ಬಾಗಿಲ ಕೆಳಅಂಚಿಗೂ ಒಂದೇ ಔಷಧವೆಂದು ತೀರ್ಪಿತ್ತ: “ಇತ್ತಾಳೆ ಆಕ್ಬುಡಾಣ ಸಾರ್. ನನ್ ಕೈನಾಗೆ ಇತ್ತಾಳೆ ನೀರಂಗೆ ಅರೀತದೆ. ಎಲ್ ಜೋಡ್ಸಿದೀನಿ ಅಂತ ನೀವೇ ಉಡುಕ್ಬೇಕು.”

ಹಿತ್ತಾಳೆ ಹಾಕುವುದೆಂದರೆ ಬ್ರೇಜಿಂಗ್. ಗ್ಯಾಸಿನ ಜ್ವಾಲೆಯಲ್ಲಿ ತಗಡು ಕೆಂಪಗಾಗುವಷ್ಟು ಕಾಯಿಸಿ, ಬಿಳಿಗಾರದ ಪುಡಿ ಮೆತ್ತಿದ ಹಿತ್ತಾಳೆಯ ಕಡ್ಡಿಯನ್ನು ಮುಟ್ಟಿಸಿದರೆ ಅದು ಕರಗಿ ಎರಡು ತಗಡುಗಳ ನಡುವಿನ ಸಂದಿಯೊಳಕ್ಕೆ ತಾನಾಗಿ ಹರಿದು ಹಿಡಿದುಕೊಳ್ಳುತ್ತದೆ. ತಗಡು ಮಾತ್ರ ಕರಗುವುದಿಲ್ಲ. ವೆಲ್ಡಿಂಗಿನಲ್ಲಿ ಎರಡು ಅಂಚುಗಳೂ ಕರಗಿ, ನಾನು ಯಾರು ನೀನು ಯಾರು ಎಂಬುದು ಮರೆತು ಒಂದೇ ಲೋಹವಾಗುತ್ತವೆ. ಬಾಲ್ಯದಲ್ಲಿ ನಮ್ಮೂರಿನ ಓಣಿಗೆ ಸೋರುವ ತಾಮ್ರದ ಹಂಡೆಗಳಿಗೆ ಬೆಸುಗೆ ಹಾಕುವವನೊಬ್ಬ ಬರುತ್ತಿದ್ದ. ಅವನ ತಿದಿಯ ಎದುರು ಕೂತು, ಬೆಳ್ಳಗೆ ಕರಗಿ ಓಡುವ ಆ ಹನಿಯನ್ನು ನೋಡುತ್ತ ನಾನು ಶಾಲೆಯನ್ನು ಎಷ್ಟೋ ಸಲ ಮರೆತದ್ದುಂಟು. ಆದ್ದರಿಂದ ರಂಗಪ್ಪನ ಹಿತ್ತಾಳೆಯ ಕಡೆಗೆ ನನ್ನ ಮನಸ್ಸು ಸಹಜವಾಗಿಯೇ ವಾಲಿತು.

ವಾಲಿದ ಮನಸ್ಸನ್ನು ನೆಟ್ಟಗೆ ನಿಲ್ಲಿಸಿದವರು ನೆರೆಮನೆಯ ನಾಗರಾಜಯ್ಯನವರು. ನಮ್ಮ ಕಾರ್ಖಾನೆಯ ವೆಲ್ಡಿಂಗ್ ವಿಭಾಗದಲ್ಲಿ ಸೂಪರ್‌ವೈಸರ್ ಆಗಿ ನಿವೃತ್ತಿಯ ಅಂಚಿಗೆ ಬಂದಿದ್ದವರು. ಕಣ್ಣಿಗೆ ಕಂಡದ್ದನ್ನೆಲ್ಲ ಬೆಸೆಯಬೇಕೆಂಬ ಛಲದವರು. “ಬ್ರೇಜಿಂಗ್ ಅಂದ್ರೆ ಅಂಟಿಸೋದು ಕಣ್ರೀ, ಬೆಸೆಯೋದಲ್ಲ. ಭಾರ ಹೊರೋ ನೆಲಕ್ಕೆ ಯಾರಾದ್ರೂ ಹಿತ್ತಾಳೆ ಹಾಕ್ತಾರಾ? ಒಂದ್ಸಲ ಹಿತ್ತಾಳೆ ಕುಡಿದ ತಗಡಿನ ಮೇಲೆ ಆಮೇಲೆ ವೆಲ್ಡಿಂಗೂ ನಿಲ್ಲಲ್ಲ, ನೆನಪಿರ್ಲಿ!” ಎಂದು ಬೆರಳೆತ್ತಿ ಎಚ್ಚರಿಸಿದರು. ಈ ಮಾತನ್ನು ರಂಗಪ್ಪನಿಗೆ ಮುಟ್ಟಿಸಿದಾಗ, ತೆಳು ತಗಡಿಗೆ ವೆಲ್ಡಿಂಗ್ ಮಾಡಿದರೆ ಶಾಖಕ್ಕೆ ಹಪ್ಪಳದಂತೆ ಸೊಟ್ಟಗಾಗುತ್ತದೆ, ಬೇಕಾದರೆ ನಿಮ್ಮ ಸೂಪರ್‌ವೈಸರ್ ಬಂದು ನೆಟ್ಟಗೆ ಮಾಡಲಿ ಎಂಬ ಉತ್ತರ ಬಂತು. ನಾನು ಜಾಲಹಳ್ಳಿಗೂ ಪೀಣ್ಯಕ್ಕೂ ನಡುವೆ ರಾಯಭಾರಿಯಾಗಿ ಓಡಾಡಿದೆ.

ಇಲ್ಲಿ ನಮ್ಮಂಥವರು ಮಾತ್ರ ಮಾಡಬಲ್ಲ ಒಂದು ಕೆಲಸವನ್ನು ನಾನು ಮಾಡಿದೆ. ಬೇರೆ ಯಾರಾದರೂ ಆಗಿದ್ದರೆ ಯಾವುದೋ ಒಂದು ವಿಧದಲ್ಲಿ ತೂತು ಮುಚ್ಚಿಸಿ ಮನೆಗೆ ಬರುತ್ತಿದ್ದರು. ನಾನೋ, ಪ್ರಮಾಣವಿಲ್ಲದೆ ಪ್ರಸಾದವನ್ನೂ ಸ್ವೀಕರಿಸದ ತಪಾಸಣೆಯ ಮನುಷ್ಯ. ಸೋಮವಾರ ಹತ್ತಿರವಾಗುತ್ತಿದ್ದರೂ, ಅತ್ತ ಮನೆಯಲ್ಲಿ ಗಿರಿಜೆ ಜೋಳ ಬೀಸಿಸಿ, ಬದನೆಕಾಯಿಗೆ ಹೇಳಿ, ಡಬ್ಬಿಗಳನ್ನು ತೊಳೆದು ಒಣಗಿಸುತ್ತಿದ್ದರೂ, ನಾನು ತೂತಿನ ಅಂಚಿನಿಂದ ತಗಡಿನ ಪಟ್ಟಿಗಳನ್ನು ಕತ್ತರಿಸಿಕೊಂಡೆ. ಒಂದು ಜೋಡಿಗೆ ರಂಗಪ್ಪನಿಂದ ಹಿತ್ತಾಳೆ ಹಾಕಿಸಿದೆ, ಇನ್ನೊಂದಕ್ಕೆ ನಾಗರಾಜಯ್ಯನವರಿಂದ ವೆಲ್ಡಿಂಗ್ ಮಾಡಿಸಿದೆ. ಮೇಲಿನವರ ಅನುಮತಿ ಪಡೆದು, ಊಟದ ಬಿಡುವಿನಲ್ಲಿ, ಲೋಹದ ಬಲವನ್ನು ಅಳೆಯಲು ಅದನ್ನು ಎಳೆದು ಹರಿಯುವ ಕಾರ್ಖಾನೆಯ ಯಂತ್ರದ ದವಡೆಗಳಿಗೆ ಅವನ್ನು ಸಿಕ್ಕಿಸಿದೆ. ಎಣ್ಣೆಗಾಯಿಯ ಪಾತ್ರೆಯೊಂದರ ಸಲುವಾಗಿ ಅಂಥ ಯಂತ್ರ ಗುಡುಗಿದ್ದು ಲೋಕದಲ್ಲಿ ಅದೇ ಮೊದಲಿರಬೇಕು.

ಎರಡೂ ಹರಿದವು. ಆದರೆ ಎರಡೂ ಬೆಸುಗೆಯಲ್ಲಿ ಹರಿಯಲಿಲ್ಲ! ಹಿತ್ತಾಳೆಯೂ ಅಲುಗಲಿಲ್ಲ, ವೆಲ್ಡಿಂಗೂ ಬಿಡಲಿಲ್ಲ. ಪಕ್ಕದ ಹಳೆಯ ತಗಡೇ ಒಣ ಎಲೆಯ ಹಾಗೆ ಹರಿದುಹೋಗಿತ್ತು. ಹೊರಗೆ ಬಣ್ಣ ಗಟ್ಟಿಯಾಗಿ ಕಂಡರೂ ಒಳಗೆ ತುಕ್ಕು ಇನ್ನೂ ಮುಂದಕ್ಕೆ ಹೋಗಿತ್ತು. ಇಬ್ಬರಿಗೂ ಫಲಿತಾಂಶ ತಿಳಿಸಿದೆ. ತಾನೇ ಗೆದ್ದೆನೆಂದು ಇಬ್ಬರೂ ಹಿಗ್ಗಿದರು. ನಾನೊಬ್ಬನೇ ಆ ತುಂಡುಗಳನ್ನು ಕೈಯಲ್ಲಿ ಹಿಡಿದುಕೊಂಡು ಪೆಚ್ಚಾಗಿ ಕುಳಿತೆ. ಇಷ್ಟು ದಿನ ಹೇಗೆ ಜೋಡಿಸುವುದೆಂದು ಜಗಳವಾಡಿದೆವು. ಯಾವುದಕ್ಕೆ ಜೋಡಿಸುತ್ತಿದ್ದೇವೆಂದು ಯಾರೂ ಕೇಳಿರಲಿಲ್ಲ.

ಆಗ ನೆನಪಾದದ್ದು ನನ್ನ ಇಬ್ಬರು ಸೋದರತ್ತೆಯರು. ಮಾತು ಬಿಟ್ಟಿದ್ದ ಅವರನ್ನು ಒಂದುಗೂಡಿಸಲು ನಮ್ಮ ಬಂಧುಬಳಗ ಪಟ್ಟ ಪಾಡು ಅಷ್ಟಿಷ್ಟಲ್ಲ. ತೊಟ್ಟಿಲ ಕಾರ್ಯದಲ್ಲಿ ಎದುರುಬದುರು ಕೂರಿಸಬೇಕೋ, ಮಠದಲ್ಲಿ ಸ್ವಾಮಿಗಳ ಮುಂದೆ ಕೈ ಹಿಡಿಸಬೇಕೋ ಎಂದು ಚರ್ಚಿಸಿ, ಎರಡನ್ನೂ ಮಾಡಿದೆವು; ಎರಡು ಸಲವೂ ಅತ್ತೆಯರು ವಾರದೊಳಗೆ ಹರಿದುಕೊಂಡರು. ಒಳಗಿನ ಹಳೆಯ ಮಾತನ್ನು ಎತ್ತಿ ಆಡಿ ಮುಗಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಕೊನೆಗೆ ಅವರೇ ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮನಸಾರೆ ಬೈದಾಡಿ, ಅತ್ತು, ಒಟ್ಟಿಗೆ ಚಹಾ ಕುಡಿದರು.

ಶನಿವಾರ ಬೆಳಿಗ್ಗೆ ಗಿರಿಜೆ ನನ್ನ ಜೊತೆ ಶೆಡ್ಡಿಗೆ ಬಂದಳು. ನಾಗರಾಜಯ್ಯನವರೂ ಎದುರಾಳಿಯ ಮುಖ ನೋಡುವ ಕುತೂಹಲಕ್ಕೆ ಬಂದಿದ್ದರು. ರಂಗಪ್ಪ ಪುಟ್ಟ ಸುತ್ತಿಗೆಯಿಂದ ಕಾರಿನ ನೆಲವನ್ನು ಬಡಿಯುತ್ತ ಹೋದ. ಗಟ್ಟಿಯಿದ್ದಲ್ಲಿ ಠಣ್ ಎನ್ನುತ್ತಿತ್ತು, ಟೊಳ್ಳಿದ್ದಲ್ಲಿ ಥಪ್. ಥಪ್ ಎಂಬುದು ಮುಗಿಯುವಂತೆಯೇ ಕಾಣಲಿಲ್ಲ. ಸೀಮೆಸುಣ್ಣದ ಗೆರೆ ಹಿಂದಿನ ಸೀಟಿನಡಿಗೂ ಹೊಕ್ಕಾಗ ಅವನೇ ಕೈ ನಿಲ್ಲಿಸಿದ. “ಅಕ್ಕಾ, ಇಷ್ಟೂ ಕತ್ತರ್ಸಿದ್ರೆ ಅರ್ಧ ಕಾರೇ ಓಯ್ತದೆ. ಸೋಮವಾರ ಅಂತೀರ. ಮೇಲ್ ಮೇಲೆ ಒಂದ್ ತುಂಡು ಆಕಿ ಕೊಟ್ಬುಡ್ಲಾ?”

ಗಿರಿಜೆಯ ಮುಖ ಒಂದು ಗಳಿಗೆ ಬಾಡಿತು. ಕತ್ತರಿಸಿದ ಮೇಲೆ ಮುಗಿಯದಿದ್ದರೆ ಕಾರೂ ಇಲ್ಲ, ಕೆಲಸವೂ ಇಲ್ಲ. ಮುಚ್ಚಿಬಿಡಲಿ ಎಂದು ಬಾಯಿ ತೆರೆಯುವುದರಲ್ಲಿದ್ದೆ. ಅಷ್ಟರಲ್ಲಿ ಅವಳು ಸೆರಗು ಬಿಗಿದು, “ಬದನಿಕಾಯಿ ಹುಳುಕ ಅರ್ಧ ಬಿಟ್ಟು ಪಲ್ಯಾ ಮಾಡಾಕ ಆಗತೈತೇನ್ರಿ? ಗಟ್ಟಿ ಸಿಗೂತನ ಕತ್ತರಸ್ರಿ,” ಎಂದಳು.

ರಂಗಪ್ಪ ಕತ್ತರಿಸಿದ. ನನ್ನ ಅಂಗೈಯಗಲದ ಕಿಟಕಿ ನೋಡನೋಡುತ್ತ ಹೆಬ್ಬಾಗಿಲಾಯಿತು. ಕೊನೆಗೆ ಸುತ್ತಲೂ ಬೆಳ್ಳಗೆ ಮಿನುಗುವ ಅಂಚು ಕಂಡಿತು. ಎಲ್ಲಿ ಬಡಿದರೂ ಠಣ್. ಅಂಥ ಅಂಚಿನ ಎದುರು ಜಗಳ ತಾನಾಗಿಯೇ ಸಣ್ಣದಾಯಿತು. ಭಾರ ಹೊರುವ ನೆಲಕ್ಕೆ ವೆಲ್ಡಿಂಗ್, ಹೊರಗೆ ಕಾಣುವ ತೆಳು ಬಾಗಿಲಿಗೆ ಹಿತ್ತಾಳೆ. ಮೊದಲು ವೆಲ್ಡಿಂಗ್, ಅದು ಮುಗಿದ ಮೇಲೆ ಹಿತ್ತಾಳೆ. ಯಾರು ಮೊದಲು ಹೇಳಿದರೆಂದು ನೆನಪಿಲ್ಲ, ಇಬ್ಬರೂ ತಾವೇ ಎನ್ನುತ್ತಾರೆ. ಆ ಭಾಗದಲ್ಲಿ ಅಂದು ಕರೆಂಟು ತೆಗೆಯುವ ವಾರದ ಸರದಿ ಇರಲಿಲ್ಲವೆಂಬುದು ನಮ್ಮ ಪುಣ್ಯ. ನಾಗರಾಜಯ್ಯನವರು ಕಾಲನಿಯಲ್ಲಿ ಎಂದೂ ಮಡಚದ ಅಂಗಿಯ ತೋಳನ್ನು ಮಡಚಿ, ಮುಖಕ್ಕೆ ಕಪ್ಪು ಗಾಜು ಹಿಡಿದು ಮಂಡಿಯೂರಿದರು; ರಂಗಪ್ಪ ಅವರಿಗೆ ಹೊಸ ತಗಡನ್ನು ಅದುಮಿ ಹಿಡಿದ. ಮಧ್ಯಾಹ್ನ ಗಿರಿಜೆ ಬುತ್ತಿ ಬಿಚ್ಚಿದಾಗ ಇಬ್ಬರೂ ಒಂದೇ ತಟ್ಟೆಯಿಂದ ರೊಟ್ಟಿ ಮುರಿದರು. ಅವರಿಬ್ಬರ ನಡುವೆ ಹರಿದು ಹಿಡಿದದ್ದು ಎಣ್ಣೆಗಾಯಿಯ ರಸ. ರಾಯಭಾರಿಯಾದ ನನ್ನದೇನೂ ಪಾತ್ರವಿರಲಿಲ್ಲ.

ಭಾನುವಾರ ಸಂಜೆ ಬಾಗಿಲಿಗೆ ಹಿತ್ತಾಳೆ ಬಿತ್ತು. ಬಣ್ಣಕ್ಕೆ ಕಾಯಲು ಸಮಯವಿರಲಿಲ್ಲ. ಹೊಂಬಣ್ಣದ ಗೆರೆ ಎಳೆದ ಬಾಗಿಲಿನೊಡನೆಯೇ, ಜರಿಯಂಚಿನ ಸೀರೆಯುಟ್ಟವರ ಠೀವಿಯಲ್ಲಿ ನಮ್ಮ ಪದ್ಮಿನಿ ಮನೆಗೆ ಬಂತು.

ಸೋಮವಾರ ನಾನು ಅರ್ಧ ದಿನ ರಜೆ ಹಾಕಿ ಹಿಂದಿನ ಸೀಟಿನಲ್ಲಿ, ಡಬ್ಬಿಗಳ ಪಕ್ಕ ಕುಳಿತೆ. ಎಣ್ಣೆಗಾಯಿಯ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ತಬ್ಬಿ ಹಿಡಿದಿದ್ದೆ. ಪಾತ್ರೆಗೆ ಹಳೆಯ ಪಂಚೆ ಸುತ್ತಿದ್ದರೂ ತೊಡೆ ಬೇಯುತ್ತಿತ್ತು. ತುಮಕೂರು ರಸ್ತೆಗೆ ತಿರುಗುವಾಗ ಗಿರಿಜೆ ಕನ್ನಡಿಯಲ್ಲಿ ಇದನ್ನು ನೋಡಿಬಿಟ್ಟಳು.

“ಏನ್ರಿ ಇದು! ತೂತಿದ್ದಾಗ ಆರಾಮ ಕಾಲಿಟ್ಕೊಂಡು ಕುಂಡ್ರತಿದ್ರಿ. ಈಗ ನೆಲಾ ಬಂದ್ ಮ್ಯಾಲ ಅಂಜತೀರಲ್ಲ? ಕೆಳಗಿಡ್ರಿ ಪಾತ್ರಿ.”

ಇಟ್ಟೆ. ನೆಲ ಭಾರ ತಾಳಿತು. ಅಭ್ಯಾಸಬಲದಿಂದ ಪಾತ್ರೆಯ ಪಕ್ಕ ತಲೆ ತಗ್ಗಿಸಿ ನೋಡಿದರೆ ಬೂದುಬಣ್ಣದ ಹೊಳೆ ಇರಲಿಲ್ಲ, ಹೊಸ ತಗಡು ಮಾತ್ರ ಇತ್ತು. ನೋಡಲು ಬೇರೇನೂ ಇಲ್ಲದ್ದರಿಂದ ನಾನೂ ಎಲ್ಲರ ಹಾಗೆ ತಲೆಯೆತ್ತಿದೆ. ಗಿರಿಜೆಯ ಭುಜದಾಚೆ, ಮುಂದಿನ ಗಾಜಿನಲ್ಲಿ, ರಸ್ತೆ ನಮ್ಮ ಕಡೆಗೇ ಬರುತ್ತಿತ್ತು. ಕಾರ್ಖಾನೆಯ ಗೇಟಿನ ಮುಂದೆ ಅವಳು ಬ್ರೇಕು ಹಾಕಿದಾಗ ಊಟದ ಸೈರನ್ ಇನ್ನೂ ಕೂಗಿರಲಿಲ್ಲ.