ಪ್ರಕಾಶನ ಪೆಟ್ಟಿಗೆಯ ಗುಂಯ್ ಸದ್ದು

ಓದುಗರಿಗೆ ನಮಸ್ಕಾರ. ನಾನು ರಂಗಸ್ವಾಮಿ, ಶಿರಾದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಹತ್ತನೇ ತರಗತಿ ಪಾಸಾದದ್ದು ಮೂವತ್ತಾರನೇ ವಯಸ್ಸಿಗೆ. ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ ನಿಮ್ಮವನೇ ಎಂದು ಹೊಟ್ಟೆಗೆ ಹಾಕಿಕೊಳ್ಳಿ.

ಭಾನುವಾರ ಬೆಳಗ್ಗೆ ಐದೂವರೆ ಬಸ್ಸಿಗೆ ಹೆಬ್ಬಗೋಡಿಗೆ ಹೊರಟೆ. ಹಿಂದಿನ ದಿನ ಲೀನಾ ಅಕ್ಕ ಫೋನ್ ಮಾಡಿದ್ದರು. 'ನಿಧಾನ ನಕ್ಷತ್ರ' ಎಂಬ ಬ್ಯಾಂಡಿನಲ್ಲಿ ಹಾಡುವವರು ಅವರು. ಅದನ್ನು ಕಟ್ಟಿದ ಗಿಟಾರಿನ ಪ್ರಕಾಶ ಮೂರು ತಿಂಗಳ ಹಿಂದೆ ಕಾಮಾಲೆಯಲ್ಲಿ ತೀರಿಕೊಂಡಿದ್ದ.

"ರಂಗಣ್ಣ, ಪ್ರಕಾಶನ ಪೆಟ್ಟಿಗೆ ಆನ್ ಆಗ್ತಿಲ್ಲ. ಸೋಮವಾರ ರೂಮ್ ಖಾಲಿ ಮಾಡ್ಬೇಕು. ಅದಕ್ಕೆ ಮುಂಚೆ ಒಂದೇ ಒಂದ್ಸಲ ಅವನ ಹಾಡನ್ನ ಅವನಿದ್ದಾಗ ಹೆಂಗಿತ್ತೋ ಹಂಗೇ ನುಡಿಸ್ಬೇಕು. ಬರ್ತೀರಾ?"

ಪೆಟ್ಟಿಗೆ ಎಂದರೆ ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್. ನನ್ನಿಂದ ಪ್ರಕಾಶನಿಗೆ ಆಗಬೇಕಾದ ಕೊನೆಯ ಕೆಲಸ ಇದು ಅಂದುಕೊಂಡು, ಸಾಲ್ಡರಿಂಗ್ ಕಡ್ಡಿ, ಹೊಸ ಕಂಡೆನ್ಸರ್‌ಗಳು, ಫ್ಯೂಸ್ ಎಲ್ಲ ಚೀಲಕ್ಕೆ ಹಾಕಿಕೊಂಡೆ.

ಕ್ಯಾತ್ಸಂದ್ರದಲ್ಲಿ ಬಸ್ಸು ನಿಂತಾಗ ಎರಡು ತಟ್ಟೆ ಇಡ್ಲಿ ತಿಂದೆ. ಚಳಿ ಇತ್ತು. ಎಂಟೂವರೆಗೆ ಜಾಲಹಳ್ಳಿ ಕ್ರಾಸಿನಲ್ಲಿ ಇಳಿದು, ದಾರಿ ಸುತ್ತಾದರೂ ಪೀಣ್ಯದ ಹಳೆಯ ಶೆಡ್ಡು ನೋಡಿಬರೋಣ ಎಂದು ನಡೆದೆ. ಹದಿನಾರು ವರ್ಷದ ಹಿಂದೆ ಆ ಶೆಡ್ಡಿನ ಅರ್ಧದಲ್ಲಿ ನಾನು ಟ್ರಾನ್ಸ್‌ಫಾರ್ಮರ್ ಸುತ್ತುತ್ತಿದ್ದೆ. ಇನ್ನರ್ಧ ಪ್ರಕಾಶ ಲೇತ್ ಓಡಿಸುವ ವರ್ಕ್‌ಶಾಪ್. ಭಾನುವಾರ ಮಿಷನ್ ನಿಂತ ಮೇಲೆ ಅಲ್ಲೇ ಅವರ ಬ್ಯಾಂಡು. ಒಂದೇ ಸ್ವರವನ್ನು ಹತ್ತು ನಿಮಿಷ ಎಳೆಯುತ್ತಿದ್ದರು. ಲೀನಾ ಅಕ್ಕನ ದನಿ ಮಂಜಿನ ಆಚೆಯಿಂದ ಬಂದ ಹಾಗೆ ಕೇಳುತ್ತಿತ್ತು. ಸ್ಪೇಸ್ ರಾಕ್ ಅಂತೆ, ಡ್ರೀಮ್ ಪಾಪ್ ಅಂತೆ. ನನಗೆ ತಿಳಿಯುತ್ತಿರಲಿಲ್ಲ, ಆದರೆ ಅವರು ಮುಗಿಸುವ ತನಕ ಮನೆಗೆ ಹೋಗಲು ಮನಸ್ಸು ಬರುತ್ತಿರಲಿಲ್ಲ.

ಆ ಪೆಟ್ಟಿಗೆ ಆನ್ ಮಾಡಿದರೆ ಸಾಕು, ಗುಂಯ್ ಎನ್ನುತ್ತಿತ್ತು. ಒಳಗೆ ಕರೆಂಟಿನ ಏರಿಳಿತ ಸಮ ಮಾಡುವ ಕಂಡೆನ್ಸರ್ ಒಣಗಿದೆ ಎಂದು ನನಗೆ ಗೋಡೆಯಾಚೆಯಿಂದಲೇ ಗೊತ್ತಾಗುತ್ತಿತ್ತು. ಎಷ್ಟೋ ಸಲ ಸರಿಮಾಡಿಕೊಡುತ್ತೇನೆ ಅಂದೆ. "ಬೇಡ ಗುರು, ಅದ್ರ ಪಾಡಿಗೆ ಅದಿರ್ಲಿ" ಎಂದು ನಗುತ್ತಿದ್ದ. ಬಿಟ್ಟಿ ಕೆಲಸ ಹೇಳಲು ಸಂಕೋಚ ಎಂದುಕೊಂಡಿದ್ದೆ.

ಈಗ ಆ ಶೆಡ್ಡು ರಟ್ಟಿನ ಡಬ್ಬಗಳ ಗೋಡೌನು. ಬಾಗಿಲಿಗೆ ಬೀಗ.

ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಾಯಿಸಿದೆ. ಹೊಸೂರು ರಸ್ತೆಯಲ್ಲಿ ಪಕ್ಕ ಕೂತವನು ರಾಯಚೂರು ಕಡೆಯವನು, ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಕೆಲಸ. ನನ್ನ ಚೀಲ ನೋಡಿ, "ಯಾರ ಮನಿ ಟಿವಿ ಕೆಟ್ಟೈತ್ರಿ ಅಣ್ಣಾರ?" ಅಂದ. ಹಾಡಿನವರ ಪೆಟ್ಟಿಗೆ, ಗುಂಯ್ ಅನ್ನುತ್ತೆ ಎಂದೆ. "ಅನ್ಲಿ ಬಿಡ್ರಿ. ನಮ್ಮ ರೂಮಿನ ಫ್ಯಾನ್ ಕಟಕಟ ಅನ್ನಲಿಲ್ಲಂದ್ರ ನನಗ ನಿದ್ದಿನ ಬರಂಗಿಲ್ಲ" ಎಂದು ನಕ್ಕ. ನಾನೂ ನಕ್ಕೆ.

ಹಿಟ್ಟಿನ ಗಿರಣಿಯ ಮೇಲೆ ಬ್ಯಾಂಡಿನವರು ಅಭ್ಯಾಸ ಮಾಡುತ್ತಿದ್ದ ರೂಮು ತಲುಪಿದಾಗ ಹನ್ನೊಂದೂವರೆ. ಡ್ರಮ್ಸ್ ಬಾರಿಸುವ ಬಾಬು ಡಬ್ಬಗಳಿಗೆ ಹಗ್ಗ ಕಟ್ಟುತ್ತಿದ್ದ. ಅವರ ಆರು ಸಿಡಿಗಳಲ್ಲಿ ಮಾರಾಟವಾಗದೆ ಉಳಿದವು ಅವು.

"ವೈಟ್‌ಫೀಲ್ಡ್ ಕಂಪನಿ ಫಂಕ್ಷನ್ ಗ್ಯಾಪಕ ಇದ್ಯಾ ಅಕ್ಕ? ನಾವ್ ಎರಡನೇ ಹಾಡು ಮುಗಿಸೋದ್ರೊಳಗೆ ಹಾಲೆಲ್ಲ ಖಾಲಿ!" ಅಂದ ಬಾಬು.

"ಖಾಲಿ ಎಲ್ಲೋ? ಕುರ್ಚಿ ಎತ್ತೋರು ನಾಲ್ಕು ಜನ ನಿಂತು ಕೇಳಿದ್ರು. ಪ್ರಕಾಶ ಅವ್ರಿಗೋಸ್ಕರ ಇನ್ನೊಂದು ನುಡಿಸ್ದ" ಅಂದರು ಲೀನಾ ಅಕ್ಕ. ನಗುತ್ತಲೇ ಕಣ್ಣೊರೆಸಿಕೊಂಡು ಅನ್ನಕ್ಕಿಡಲು ಪಕ್ಕದ ಕೋಣೆಗೆ ಹೋದರು.

ಪೆಟ್ಟಿಗೆ ಬಿಚ್ಚಿದೆ. ಹೋಗಿದ್ದದ್ದು ಫ್ಯೂಸ್ ಮಾತ್ರ. ಐದು ನಿಮಿಷದ ಕೆಲಸ. ಆದರೆ ಅಷ್ಟು ದೂರದಿಂದ ಬಂದು ಫ್ಯೂಸ್ ಹಾಕಿ ಹೋಗುವುದೇ ಎನಿಸಿತು. ಬದುಕಿದ್ದಾಗ ಮಾಡಿಕೊಡಲಾಗದ್ದನ್ನು ಈಗ ಮಾಡೋಣ ಎಂದು ಒಣಗಿದ ಕಂಡೆನ್ಸರ್ ತೆಗೆದು ಹೊಸದು ಕೂರಿಸಿದೆ. ಕೆಟ್ಟ ಕಂಡೆನ್ಸರ್ ಒಳ್ಳೆಯದರ ಜೊತೆ ಬೆರೆಯಬಾರದೆಂದು ಅದರ ತಂತಿ ಕಾಲುಗಳನ್ನು ಬುಡಕ್ಕೆ ಕತ್ತರಿಸುವುದು ನಮ್ಮ ವೈಂಡಿಂಗ್ ಅಂಗಡಿಗಳ ಪದ್ಧತಿ. ಯೋಚಿಸದೆ ಕತ್ತರಿಸಿದೆ.

ಸ್ವಿಚ್ ಒತ್ತಿದೆ. ಕೆಂಪು ದೀಪ ಹತ್ತಿತು. ಒಂದಿಷ್ಟೂ ಸದ್ದಿಲ್ಲ. ಹೆಮ್ಮೆಯಿಂದ ಕರೆದೆ.

ಲೀನಾ ಅಕ್ಕ ಪ್ರಕಾಶನ ಗಿಟಾರ್ ಎತ್ತಿಕೊಂಡು ಕಣ್ಣು ಮುಚ್ಚಿ ಕಾದರು. ಬಾಬುವೂ ಡ್ರಮ್ಸ್ ಕಡ್ಡಿ ಹಿಡಿದು ಕಾದ. ಯಾತಕ್ಕೆ ಕಾಯುತ್ತಿದ್ದಾರೆ ಎಂದು ನನಗೆ ತಿಳಿಯಲಿಲ್ಲ.

"ಆನ್ ಮಾಡಿ ರಂಗಣ್ಣ."

"ಆನ್ ಆಗಿದೆ ಅಕ್ಕ."

ಅವರು ಕಣ್ಣು ತೆರೆದು ದೀಪ ನೋಡಿದರು. "ಗುಂಯ್ ಎಲ್ಲಿ?"

"ತೆಗ್ದೆ ಅಕ್ಕ. ಸರಿಹೋಯ್ತು."

ಬಾಬು ಕಡ್ಡಿ ಕೆಳಗಿಟ್ಟ. "ಏನ್ ಗುರು ಮಾಡ್ಬಿಟ್ಟೆ..."

"ಬೈಬೇಡ ಕಣೋ, ಅವ್ರಿಗೇನ್ ಗೊತ್ತು" ಅಂದರು ಲೀನಾ ಅಕ್ಕ. ಆಮೇಲೆ ನನಗೆ ಮೆಲ್ಲಗೆ ಹೇಳಿದರು: "ಅದು ನಮ್ಮ ತಂಬೂರಿ ರಂಗಣ್ಣ. ಪ್ರಕಾಶ ತಂತಿ ಶ್ರುತಿ ಮಾಡ್ತಿದ್ದಿದ್ದು ಆ ಗುಂಯ್‌ಗೇ. ನಾನ್ ಹಾಡಿದ್ದೂ ಅದನ್ನ ಹಿಡ್ಕೊಂಡೇ, ಹದಿನಾರು ವರ್ಷ."

ಹಳೆಯದನ್ನೇ ಹಾಕೋಣವೆಂದರೆ ಬೆಸೆಯಲು ಕಾಲಿಲ್ಲ. ಹೊಸದನ್ನು ಕಿತ್ತು ಆನ್ ಮಾಡಿದೆ, ಪೆಟ್ಟಿಗೆ ಗೂಳಿಯ ಹಾಗೆ ಗುಟುರು ಹಾಕಿತು. ಚೀಲದಲ್ಲಿದ್ದ ಬೇರೆ ಬೇರೆ ಕಂಡೆನ್ಸರ್ ಹಾಕಿ ನೋಡಿದೆ. ಪ್ರತಿ ಸಲವೂ ಅವರು ಕಿವಿಯಿಟ್ಟು ಕೇಳಿ ತಲೆಯಾಡಿಸಿದರು. ಮೂರು ಗಂಟೆಯ ಹೊತ್ತಿಗೆ ಸದ್ದಿಲ್ಲದ ಪೆಟ್ಟಿಗೆಯಲ್ಲೇ ಶುರು ಮಾಡಿದರು. ಎರಡು ಸಾಲು ಹಾಡಿ ಲೀನಾ ಅಕ್ಕ ನಿಂತರು. ಇನ್ನೊಮ್ಮೆ ಹಿಡಿದರು. ಅಲ್ಲೇ ನಿಂತರು.

"ಸಾಕು ಬಾಬು. ಕಟ್ಟು."

ಹದಿನಾರು ವರ್ಷದ ಬ್ಯಾಂಡು ಮುಗಿದದ್ದು ಹೀಗೆ. ಸಾಮಾನು ಚೀಲಕ್ಕೆ ತುಂಬಿಕೊಂಡೆ. ಹೊರಟು ನಿಂತವನನ್ನು ಅವರು ತಡೆದರು. "ಊಟ ಮಾಡ್ಕೊಂಡ್ ಹೋಗಿ ರಂಗಣ್ಣ. ದೂರದಿಂದ ಬಂದಿದೀರ." ಅನ್ನ, ಹುರುಳಿಕಾಳಿನ ಸಾರು. ಬೈದು ಬಡಿಸಿದ್ದರೆ ಉಣ್ಣುವುದು ಸುಲಭವಾಗುತ್ತಿತ್ತೇನೋ.

ವಾಪಸ್ಸು ಬಸ್ಸಿನಲ್ಲಿ ಪೀಣ್ಯ ದಾಟುವಾಗ ಕಿಟಕಿಯಿಂದ ಶೆಡ್ಡಿನ ಕಡೆ ನೋಡಿದೆ, ಮೆಟ್ರೋ ಕಂಬಗಳು ಅಡ್ಡ ಬಂದವು. ಕಾಲಿಲ್ಲದ ಕಂಡೆನ್ಸರ್ ಜೇಬಿನಲ್ಲಿತ್ತು. ಈಗ ಅಂಗಡಿಯ ಮೇಜಿನ ಮೇಲಿದೆ. ದಿನಾ ಯಾವುದಾದರೂ ಟ್ರಾನ್ಸ್‌ಫಾರ್ಮರ್ ಟೆಸ್ಟಿಗೆ ಹಚ್ಚುತ್ತೇನೆ, ಗುಂಯ್ ಅನ್ನುತ್ತದೆ. ಕಿವಿಗೊಟ್ಟು ಕೇಳುತ್ತೇನೆ. ಅದಲ್ಲ.

ಒಳ್ಳೆಯದಾಗಲಿ ಎಂದೇ ಕೈಹಾಕಿ, ಉಳಿದಿದ್ದ ಒಂದನ್ನೂ ಇಲ್ಲದ ಹಾಗೆ ಮಾಡಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಬರೆಯಿರಿ. ಆಮೇಲೆ ಅವರ ಮನೆ ಬಾಗಿಲಿಗೆ ಮತ್ತೆ ಹೇಗೆ ಹೋದಿರಿ ಎಂಬುದನ್ನೂ ಬರೆಯಿರಿ.